ರಾನ್ ಯಾರ ಪೈಕಿ?

ನಮ್ಮ ಕಡೆ ಮಳೆ ಕೈಕೊಡಬಹುದು, ಅಡಿಕೆ ರೇಟು ಕೈಕೊಡಬಹುದು. ಚುನಾವಣೆ ಮಾತ್ರ ಯಾವತ್ತೂ ಕೈಕೊಟ್ಟಿಲ್ಲ. ವಿಧಾನಸಭೆ, ಲೋಕಸಭೆಯ ಮಾತು ಬಿಡಿ, ಅದು ದೊಡ್ಡವರ ವ್ಯವಹಾರ. ನಿಜವಾದ ಜಿದ್ದು ಇರುವುದು ಹಾಲಿನ ಡೈರಿ, ಕೃಷಿ ಪತ್ತಿನ ಸಂಘ, ಶಾಲೆಯ ಎಸ್‌ಡಿಎಂಸಿ, ದೇವಸ್ಥಾನದ ಕಮಿಟಿಗಳಲ್ಲಿ. ಚನ್ನಗಿರಿಯಲ್ಲಿ ಅಡಿಕೆ ಬೆಳೆಗಾರರ ತುಮ್ಕೋಸ್ ಚುನಾವಣೆ ಬಂತೆಂದರೆ ಫಸಲು ಗುತ್ತಿಗೆಯ ಚೇಣಿ ಮಾತು ಅರ್ಧಕ್ಕೇ ನಿಲ್ಲುತ್ತದೆ. ಹೆಣ್ಣು ನೋಡಲು ಹೋದವರೂ ಉಪ್ಪಿಟ್ಟು ಮುಗಿಯುವ ಮೊದಲೇ ‘ನಿಮ್ಮ ಓಟು ಯಾರಿಗೆ?’ ಅನ್ನುತ್ತಾರೆ. ನಮ್ಮ ಹೊನ್ನಾಳಿ ಸೀಮೆಯಲ್ಲಂತೂ ಅವಿರೋಧ ಆಯ್ಕೆಯಾದರೆ ಊರಿಗೇನೋ ಕಾಯಿಲೆ ಬಂದಿದೆ ಎಂದೇ ಲೆಕ್ಕ.

ಇಂಥ ನೆಲದಲ್ಲಿ ಹುಟ್ಟಿದ ಹುಡುಗ ಪಿಎಚ್.ಡಿ. ಮಾಡಲು ಇಂಗ್ಲೆಂಡಿಗೆ ಹೋದರೆ ಸುಮ್ಮನೆ ಲ್ಯಾಬಿನಲ್ಲಿ ಕೂತಾನೆಯೇ? ಚನ್ನಗಿರಿಯ ನಮ್ಮಕ್ಕನ ಮಗ ಒಂದು ದಿನ ಮನೆಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಹಾಕಿದ: ‘ಯೂನಿವರ್ಸಿಟಿಯ ಇಂಡಿಯನ್ ಸೊಸೈಟಿ ಅಧ್ಯಕ್ಷ ಸ್ಥಾನಕ್ಕೆ ನಿಂತಿದೀನಿ. ಎಲ್ಲರ ಆಶೀರ್ವಾದ ಇರಲಿ.’

ಪಾಪ, ಮಗುವಿಗೆ ಗೊತ್ತಿಲ್ಲ. ನಮ್ಮ ಮನೆತನದಲ್ಲಿ ಆಶೀರ್ವಾದ ಕೇಳಿದರೆ ಬರುವುದು ಸಲಹೆ.

ಮೊದಲು ಮೇಲೆ ಬಿದ್ದವರು ಜಗಳೂರಿನ ದೊಡ್ಡಪ್ಪ.

“ಸೊಸೈಟಿ ಸಾಲ ಕೊಡ್ತದೇನಪ?”

“ಇಲ್ಲ ದೊಡ್ಡಪ್ಪ.”

“ಬೀಜ, ಗೊಬ್ಬರ?”

“ಇಲ್ಲ. ದೀಪಾವಳಿ, ಹೋಳಿ ಮಾಡ್ತೀವಿ. ಸಮೋಸ ತರಿಸ್ತೀವಿ, ಡ್ಯಾನ್ಸ್ ಇರ್ತದೆ.”

“ಸಮೋಸ ತರಿಸಾಕೆ ಎಲೆಕ್ಷನ್ನಾ?”

ದೊಡ್ಡಪ್ಪನದು ನ್ಯಾಯವಾದ ಪ್ರಶ್ನೆ. ಬರ ಬಿದ್ದ ವರ್ಷಗಳನ್ನೇ ಕಾಲಗಣನೆಗೆ ಬಳಸುವ ತಾಲ್ಲೂಕಿನವರು ಅವರು. ಭದ್ರಾ ಮೇಲ್ದಂಡೆಯ ನೀರು ಬರುತ್ತದೆ ಎಂಬ ಭಾಷಣ ಕೇಳುತ್ತಲೇ ಕೂದಲು ಬೆಳ್ಳಗಾಗಿದೆ. ಸಾಲವನ್ನೂ ಕೊಡದ, ಗೊಬ್ಬರವನ್ನೂ ಕೊಡದ ಸೊಸೈಟಿಗೆ ಜನ ಕಚ್ಚಾಡುತ್ತಾರೆಂದರೆ ಅವರು ನಂಬುವುದಾದರೂ ಹೇಗೆ?

ಆದರೆ ನ್ಯಾಮತಿಯ ನಿವೃತ್ತ ಮೇಷ್ಟ್ರು, ಹುಡುಗನ ಚಿಕ್ಕಪ್ಪ, ಇತಿಹಾಸ ತೆಗೆದರು. “ಇದೇನು ಹೊಸದಲ್ಲ. ಕೇಂಬ್ರಿಡ್ಜಿನಲ್ಲಿ ನಮ್ಮ ಹುಡುಗರು 1891ರಲ್ಲೇ ‘ಮಜ್ಲಿಸ್’ ಅಂತ ಸಂಘ ಕಟ್ಟಿದ್ರು. ಆಕ್ಸ್‌ಫರ್ಡಿನಲ್ಲಿ 1896ರಲ್ಲಿ. ಬ್ರಿಟಿಷರ ನೆಲದಲ್ಲೇ ಕೂತು ಬ್ರಿಟಿಷರ ಆಳ್ವಿಕೆ ಬಗ್ಗೆ ವಾದ ಮಾಡೋರು. ನೆಹರೂ ಕೇಂಬ್ರಿಡ್ಜಿನಲ್ಲಿದ್ದಾಗ ಅವರ ಕಾಲೇಜಿನ ಚರ್ಚಾಕೂಟದಲ್ಲಿ ಒಂದು ನಿಯಮ ಇತ್ತು: ಒಂದು ಟರ್ಮು ಪೂರ್ತಿ ಬಾಯಿ ಬಿಡದಿದ್ದರೆ ದಂಡ. ನೆಹರೂ ಎಷ್ಟೋ ಸಲ ನಾಚಿಕೊಂಡು ದಂಡ ಕಟ್ಟಿದೋರು.” ಹುಡುಗನ ಅಮ್ಮ, ಅಂದರೆ ನಮ್ಮಕ್ಕ, ತಕ್ಷಣ ಬರೆದಳು: “ನೋಡಿದ್ಯಾ? ಮಾತಾಡದೆ ಇದ್ದೋರು ಹದಿನೇಳು ವರ್ಷ ಪ್ರಧಾನಿ ಆದ್ರು. ನೀನೂ ಬಾಯಿ ಮುಚ್ಕೊಂಡಿರು.”

ಮೇಷ್ಟ್ರು ಅಷ್ಟಕ್ಕೇ ಬಿಡಲಿಲ್ಲ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿ ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡಿಗೆ ಹೋದ ಗಿರೀಶ ಕಾರ್ನಾಡರು 1962-63ರ ಅವಧಿಯಲ್ಲಿ ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷರಾದ ಕಥೆ ಬಂತು. ಅದು ಪರದೇಶಿ ಹುಡುಗರ ಹಬ್ಬದ ಸಂಘವಲ್ಲ; 1823ರಲ್ಲಿ ಶುರುವಾದ, ಬ್ರಿಟನ್ನಿನ ಮುಂದಿನ ಪ್ರಧಾನಿಗಳು ನಾಲಗೆ ಮಸೆದುಕೊಳ್ಳುವ ಚರ್ಚಾಕೂಟ. ಅಲ್ಲಿ ಟರ್ಮಿಗೊಬ್ಬ ಅಧ್ಯಕ್ಷ, ವರ್ಷಕ್ಕೆ ಮೂವರು. ಇದನ್ನು ಕೇಳಿ ಹೊನ್ನಾಳಿಯ ನಾವೆಲ್ಲ ಬಹಳ ಸಮಾಧಾನಪಟ್ಟೆವು. ನಮ್ಮ ಗ್ರಾಮ ಪಂಚಾಯ್ತಿಯಲ್ಲೂ ಮೂವತ್ತು ತಿಂಗಳ ಅಧ್ಯಕ್ಷಗಿರಿಯನ್ನು ಒಳಒಪ್ಪಂದ ಮಾಡಿಕೊಂಡು ಹಂಚಿಕೊಳ್ಳುವುದಿಲ್ಲವೇ? ಒಂದೇ ವ್ಯತ್ಯಾಸ: ಅಲ್ಲಿ ಅವಧಿ ಮುಗಿದವನು ಎದ್ದು ಹೋಗುತ್ತಾನೆ. ಇಲ್ಲಿ ಒಪ್ಪಂದವೇ ಆಗಿರಲಿಲ್ಲ ಅನ್ನುತ್ತಾನೆ.

ನನ್ನ ಪಾಲಿನ ಸಲಹೆಯನ್ನೂ ಕೊಟ್ಟೆ. 2021ರಲ್ಲಿ ಉಡುಪಿಯ ಹುಡುಗಿ ರಶ್ಮಿ ಸಾಮಂತ್ ಆಕ್ಸ್‌ಫರ್ಡ್ ವಿದ್ಯಾರ್ಥಿ ಸಂಘದ ಅಧ್ಯಕ್ಷೆಯಾಗಿ ಗೆದ್ದಳು. ಹಿಂದೆಂದೋ ಜಾಲತಾಣದಲ್ಲಿ ಹಾಕಿದ್ದ ಪೋಸ್ಟುಗಳ ಮೇಲೆ ವಿವಾದ ಎದ್ದು ಕೆಲವೇ ದಿನಗಳಲ್ಲಿ ರಾಜೀನಾಮೆ ಕೊಟ್ಟಳು. “ನಿನ್ನ ಹಳೇ ಫೇಸ್‌ಬುಕ್ಕು ಒಂದ್ಸಲ ನೋಡ್ಕೊಳೋ” ಅಂದೆ. ರಾತ್ರಿಯೆಲ್ಲ ಕೂತು ಸೋಸಿದನಂತೆ. ಸಿಕ್ಕಿದ್ದು ಒಂದೇ: ‘ದಾವಣಗೆರೆ ಬೆಣ್ಣೆ ದೋಸೆ ಬಿಟ್ಟರೆ ಮಿಕ್ಕಿದ್ದು ದೋಸೆಯೇ ಅಲ್ಲ.’ ಮೈಸೂರಿನವರ ಮತ್ತು ತಮಿಳರ ಓಟು ಹೋಗುತ್ತದೆಂದು ಅಳಿಸಿಸಿದೆವು.

ಇನ್ನು ಮತದಾರರು. ಇಂಡಿಯನ್ ಸೊಸೈಟಿ ಅಂದಮಾತ್ರಕ್ಕೆ ಎಲ್ಲರೂ ಒಂದೇ ಇಂಡಿಯಾದವರಲ್ಲ ಎಂದು ಹುಡುಗ ವಿವರಿಸಿದ. ಅಲ್ಲೇ ಹುಟ್ಟಿ ಬೆಳೆದ ಗುಜರಾತಿ, ಪಂಜಾಬಿ ಮಕ್ಕಳದು ಒಂದು ಗುಂಪು. ಅವರಿಗೆ ಗರ್ಬಾ, ಭಾಂಗ್ಡಾ ಬೇಕು. ಇಲ್ಲಿಂದ ಸೂಟ್‌ಕೇಸಿನಲ್ಲಿ ಕುಕ್ಕರ್ ಹೊತ್ತು ಹೋದವರದು ಇನ್ನೊಂದು. ಅವರಿಗೆ ಅನ್ನ ಬೇಕು, ಪಾರ್ಟ್‌ಟೈಮ್ ಕೆಲಸ ಬೇಕು. ಈ ಎರಡನೇ ಗುಂಪಿನಲ್ಲಿ ಒಂದು ವರ್ಷದ ಮಾಸ್ಟರ್ಸಿಗೆ ಬಂದವರೇ ಹೆಚ್ಚು. ಸೆಪ್ಟೆಂಬರಿಗೆ ಬರುತ್ತಾರೆ, ಚುನಾವಣೆ ನಡೆಯುವುದು ಚಳಿ ಬಿಟ್ಟ ಮೇಲೆ, ಹೊಸ ಕಮಿಟಿ ಕೆಲಸಕ್ಕೆ ಇಳಿಯುವ ಹೊತ್ತಿಗೆ ಇವರು ಕೋರ್ಸು ಮುಗಿಸಿರುತ್ತಾರೆ. ಓಟು ಹಾಕಬಹುದು, ಆಳುವಂತಿಲ್ಲ. ಪಿಎಚ್.ಡಿ.ಯವನು ಮೂರ್ನಾಲ್ಕು ವರ್ಷ ಅಲ್ಲೇ ಬಿದ್ದಿರುತ್ತಾನಾದ್ದರಿಂದ ನಮ್ಮವನಿಗೆ ಛಾನ್ಸು.

ಕಣದ ಪಟ್ಟಿಯ ಸ್ಕ್ರೀನ್‌ಶಾಟ್ ಬಂತು. ನಾಲ್ಕು ಹೆಸರು: ನಮ್ಮ ಹುಡುಗ, ಅಲ್ಲೇ ಹುಟ್ಟಿದ ಒಬ್ಬ ಗುಜರಾತಿ ಹುಡುಗಿ, ದಿಲ್ಲಿಯ ಒಬ್ಬ ಹುಡುಗ, ಕೊನೆಗೆ ‘ರಾನ್’.

ಗ್ರೂಪಿಗೆ ಬೆಂಕಿ ಬಿತ್ತು. “ಯಾರಿವನು ರಾನ್? ಬಿಳಿಯನಾ?” “ಇಂಡಿಯನ್ ಸೊಸೈಟಿಗೆ ಬಿಳಿಯ ಯಾಕೆ ನಿಂತ?” “ಯಾರ ಪೈಕಿ?” “ಓಟು ಒಡೆಯೋಕೆ ಆ ದಿಲ್ಲಿಯವನೇ ನಿಲ್ಸಿರ್ತಾನೆ.” ಕೊನೆಗೆ ದೊಡ್ಡಪ್ಪ: “ಮನೆಗೆ ಹೋಗಿ ಕಾಲಿಗೆ ಬಿದ್ದು ನಾಮಪತ್ರ ವಾಪಸ್ ತೆಗೆಸೋ. ಖರ್ಚು ನಾನು ನೋಡ್ಕೋತೀನಿ.”

ಹುಡುಗ ಕೈಮುಗಿಯುವ ಇಮೋಜಿ ಹಾಕಿ ಹೇಳಿದ: ರಾನ್ ಮನುಷ್ಯನೇ ಅಲ್ಲ. ‘ನಾಮಪತ್ರ ಮತ್ತೆ ಕರೆಯಿರಿ’ ಎಂಬುದರ ಇಂಗ್ಲಿಷ್ ಮೊದಲಕ್ಷರಗಳು. ನಿಂತವರು ಯಾರೂ ಬೇಡ ಅನ್ನಿಸಿದರೆ ಅದಕ್ಕೆ ಓಟು. 2013ರಿಂದ ನಮ್ಮಲ್ಲೂ ನೋಟಾ ಇದೆ, ಆದರೆ ನಮ್ಮ ನೋಟಾ ಸಾಧು ಪ್ರಾಣಿ. ಎಷ್ಟೇ ಓಟು ಬಿದ್ದರೂ ಉಳಿದವರಲ್ಲಿ ಮುಂದಿದ್ದವನು ಹಾರ ಹಾಕಿಸಿಕೊಳ್ಳುತ್ತಾನೆ. ಅಲ್ಲಿ ರಾನ್ ಗೆದ್ದರೆ ಚುನಾವಣೆಯೇ ಮತ್ತೊಮ್ಮೆ.

“ಹಂಗಾದ್ರೆ ಅವನೇ ಡೇಂಜರ್ ಕ್ಯಾಂಡಿಡೇಟು” ಎಂದರು ದೊಡ್ಡಪ್ಪ. “ಬೈಯೋಕೆ ಅಪ್ಪ ಇಲ್ಲ, ಕೊಳ್ಳೋಕೆ ಬಾಯಿಲ್ಲ.”

ಓಟು ಹಾಕುವ ಪದ್ಧತಿ ಇನ್ನೂ ವಿಚಿತ್ರ: 1, 2, 3 ಎಂದು ಪ್ರಾಶಸ್ತ್ಯ ಕೊಡಬೇಕು. ಇಲ್ಲಿ ಮೇಷ್ಟ್ರು ಸಿಂಹಾಸನ ಏರಿದರು. ವಿಧಾನ ಪರಿಷತ್ತಿನ ಶಿಕ್ಷಕರ, ಪದವೀಧರರ ಚುನಾವಣೆಯಲ್ಲಿ ಹೀಗೇ ಅಂಕಿ ಬರೆದು ಬರೆದು ಕೈ ಪಳಗಿದವರು. ಅದರಲ್ಲೂ ನಮ್ಮ ಜಿಲ್ಲೆಯದು ಒಂದು ತಮಾಷೆ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ ನೈರುತ್ಯ ಕ್ಷೇತ್ರಕ್ಕೆ ಸೇರಿ ಮಂಗಳೂರು, ಕೊಡಗಿನವರ ಜೊತೆ ಓಟು ಹಾಕಿದರೆ, ಜಗಳೂರು ಆಗ್ನೇಯಕ್ಕೆ ಸೇರಿ ತುಮಕೂರು, ಕೋಲಾರದವರ ಜೊತೆ. ಜಿಲ್ಲೆ ಒಂದು, ದಿಕ್ಕು ಎರಡು. ಡಿಗ್ರಿ ಪಡೆದವರೇ 1 ಎಂದು ಬರೆಯುವ ಬದಲು ರೈಟ್ ಮಾರ್ಕು ಹಾಕಿ ಓಟು ಹಾಳು ಮಾಡಿಕೊಳ್ಳುವುದು ಪ್ರತಿ ಸಲದ ಸಂಪ್ರದಾಯ.

“ಮೊದಲನೇ ಓಟು ಕೇಳಬೇಡ, ಎರಡನೇದು ಕೇಳು” ಎಂದರು ಮೇಷ್ಟ್ರು. “ಎದುರಾಳಿಯ ಕಡೆಯೋರ ಹತ್ರಾನೇ ಹೋಗಿ, ‘ನಿಮ್ಮೋನಾದ ಮೇಲೆ ನಾನಿರಲಿ’ ಅನ್ನು. ಆದ್ರೆ ಒಂದು ಕಂಡೀಷನ್ನು. ಎದುರಾಳೀನ ಬೈಯಂಗಿಲ್ಲ.”

ಗ್ರೂಪು ಸ್ವಲ್ಪ ಹೊತ್ತು ಸ್ತಬ್ಧ. ಎದುರಾಳಿಯನ್ನು ಬೈಯದೆ ಚುನಾವಣೆಯೇ? ಹಾಗಾದರೆ ಭಾಷಣದಲ್ಲಿ ಇನ್ನೇನು ಉಳಿಯಿತು?

ಆದರೆ ಯೋಚಿಸಿದರೆ ನಮಗೆ ಇದು ಬರಬೇಕಾದ ವಿದ್ಯೆಯೇ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ಆಗ ಮುಖ್ಯಮಂತ್ರಿ ನಮ್ಮ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು; 1967ರಲ್ಲಿ ಲೋಕಸಭೆಗೆ ಹೋಗಿ ಅಲ್ಲಿ ಮೊದಲು ಕನ್ನಡದಲ್ಲಿ ಮಾತಾಡಿದವರು. ಆಮೇಲೆ ನ್ಯಾಮತಿ ಹೊನ್ನಾಳಿಯಿಂದ ಬೇರೆ ತಾಲ್ಲೂಕಾಯಿತು. ಸೂಳೆಕೆರೆ ಪಕ್ಕದಲ್ಲಿ ಅಡಿಕೆ ತೋಟ ಮಾಡಿದವನೂ, ಜಗಳೂರಿನಲ್ಲಿ ಮೋಡ ನೋಡುತ್ತ ಶೇಂಗಾ ಬಿತ್ತಿದವನೂ ಒಂದೇ ಕಚೇರಿಯ ಕ್ಯೂನಲ್ಲಿ ನಿಂತು, ಬೈದುಕೊಂಡೇ ಬೀಗತನ ಬೆಳೆಸಿದ್ದೇವೆ. ನಮ್ಮ ಗ್ರೂಪೇ ಅದಕ್ಕೆ ಸಾಕ್ಷಿ.

ಹುಡುಗ ಮಾತು ಕೇಳಿದ. ಗುಜರಾತಿ ಹುಡುಗಿಯ ದಾಂಡಿಯಾ ತರಗತಿಗೆ ಹೋಗಿ ಕೋಲು ತಪ್ಪಿಸಿಕೊಂಡು ಪಕ್ಕದವರ ಬೆರಳಿಗೆ ಬಾರಿಸಿದ. ದಿಲ್ಲಿಯವನ ಗೆಳೆಯರಿಗೆ ನರ್ಗಿಸ್ ಮಂಡಕ್ಕಿ ಮಾಡಿ ತಿನ್ನಿಸಿದ. ಫಲಿತಾಂಶದ ದಿನ ಮೊದಲ ಸುತ್ತಿನಲ್ಲಿ ಹುಡುಗಿ ಮುಂದೆ. ರಾನ್ ಉದುರಿದ, ಆಮೇಲೆ ದಿಲ್ಲಿಯವನು ಉದುರಿದ. ದಿಲ್ಲಿಯವರ ಎರಡನೇ ಓಟು ಮಂಡಕ್ಕಿಯ ಋಣ ತೀರಿಸಿತು.

ಮರುದಿನ ಬೆಳಿಗ್ಗೆ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸು. ನಡುವೆ ಕೂಲಿಂಗ್ ಗ್ಲಾಸಿನ ಹುಡುಗ, ಕಿವಿಗೆ ಫೋನು, ಹಿಂದೆ ಬಿಗ್ ಬೆನ್. ಅವನ ಯೂನಿವರ್ಸಿಟಿಗೂ ಲಂಡನ್ನಿಗೂ ರೈಲಿನಲ್ಲಿ ಗಂಟೆಗಟ್ಟಲೆ ದೂರ. ಕೆಳಗೆ ‘ಶುಭ ಕೋರುವವರು’ ಸಾಲಿನಲ್ಲಿ ನಾಲ್ಕು ತಾಲ್ಲೂಕಿನ ಹದಿನೆಂಟು ಮುಖಗಳು, ಅಧ್ಯಕ್ಷನ ಮುಖಕ್ಕಿಂತ ಒಂದಿಷ್ಟು ದೊಡ್ಡವೇ.

ಗೆಲ್ಲುವುದನ್ನು ಹೇಳಿಕೊಟ್ಟೆವು, ಗೆದ್ದ ಮೇಲೆ ಏನು ಮಾಡಬೇಕು ಎಂದು ಹುಡುಗ ಕೇಳಿದಾಗ ಮಾತ್ರ ಗ್ರೂಪಿನಲ್ಲಿ ಯಾರೂ ಟೈಪ್ ಮಾಡಲಿಲ್ಲ. ಕೊನೆಗೆ ಅಕ್ಕ ಬರೆದಳು: “ಮದುವೆ ಮನೇಲಿ ಲೀಡರುಗಳು ಹೋಳಿಗೆ ಬುಟ್ಟಿ ಹಿಡ್ಕೊಂಡು ಎರಡು ಎಲೆಗೆ ಹಾಕಿ, ಫೋಟೊ ಬಂದಮೇಲೆ ಹೋಗ್ತಾರೆ ನೋಡು, ಹಂಗೆ ಮಾಡಬೇಡ. ಕೊನೇ ಪಂಕ್ತಿವರೆಗೂ ನಿಂತು ಬಡಿಸು.”

ದೀಪಾವಳಿಗೆ ಹಾಗೇ ಬಡಿಸಿದನಂತೆ. ಜೈನರಿಗೆ ಈರುಳ್ಳಿ ಇಲ್ಲದ್ದು, ಕೆಲವರಿಗೆ ಹಲಾಲ್, ಮಲಯಾಳಿಗಳಿಗೆ ಕುಸಲಕ್ಕಿ ಅನ್ನ ಇಲ್ಲವೆಂಬ ಕೋಪ. ಎಲ್ಲವನ್ನೂ ನಗುತ್ತ ನುಂಗಿ, ತಾನು ಉಣ್ಣುವ ಹೊತ್ತಿಗೆ ಉಳಿದಿದ್ದು ಉಪ್ಪಿನಕಾಯಿ ಮಾತ್ರ. ಖಾಲಿ ತಟ್ಟೆಯ ಫೋಟೊ ಹಾಕಿದ. ಎಲ್ಲರೂ ಭೇಷ್ ಎಂದರು, ಮೇಷ್ಟ್ರು ‘ಈಗ ಅಧ್ಯಕ್ಷನಾದೆ’ ಎಂದರು. ಜಗಳೂರಿನ ದೊಡ್ಡಪ್ಪ ಮಾತ್ರ ಸೊಸೈಟಿಗಳನ್ನು ಕಂಡವರು:

“ಅದೆಲ್ಲ ಸರಿ, ಬಿಲ್ಲು ಜೋಪಾನವಾಗಿ ಇಟ್ಕೊಂಡಿದೀಯೇನಪ? ಉಂಡಿದ್ದನ್ನ ಜನ ಮರೀತಾರೆ, ಲೆಕ್ಕ ಕೇಳೋದನ್ನ ಮರೆಯಲ್ಲ.”