ಛತ್ರದ ವೈಫೈ

ನಮ್ಮ ಚಿಕ್ಕಪ್ಪ ಎಟಿಎಂನಲ್ಲಿ ಪಿನ್ ಒತ್ತುವಾಗ ಎಡಗೈ ಅಡ್ಡ ಹಿಡಿದು, ಹಿಂದೆ ನಿಂತವನನ್ನು ಒಮ್ಮೆ ದುರುಗುಟ್ಟಿ ನೋಡುತ್ತಾರೆ. ಹಾಲಿನವನ ಲೆಕ್ಕವನ್ನು ಎರಡೆರಡು ಸಲ ಕೂಡುವ ಆಸಾಮಿ. ಅಂಥವರು ರೈಲ್ವೆ ಸ್ಟೇಷನ್ನಿನಲ್ಲಿ 'ಫ್ರೀ' ಎಂಬ ಒಂದೇ ಒಂದು ಅಕ್ಷರ ಕಂಡರೆ ಹೆಸರು, ನಂಬರು, ಒಟಿಪಿ ಎಲ್ಲವನ್ನೂ ಧಾರೆ ಎರೆದುಬಿಡುತ್ತಾರೆ.

ಅವರನ್ನಂದು ಫಲವಿಲ್ಲ. 2016ರ ಜನವರಿಯಲ್ಲಿ ಗೂಗಲ್, ರೈಲ್‌ಟೆಲ್ ಸೇರಿ ಮುಂಬೈ ಸೆಂಟ್ರಲ್‌ನಲ್ಲಿ ಶುರುಮಾಡಿದ ಸ್ಟೇಷನ್ ವೈಫೈ 2018ರ ಹೊತ್ತಿಗೆ 400 ನಿಲ್ದಾಣ ಮುಟ್ಟಿತ್ತು. ರೈಲು ತಡವಾಗುವ ದೇಶದಲ್ಲಿ ಇದಕ್ಕಿಂತ ಪುಣ್ಯದ ಕೆಲಸ ಯಾವುದಿದೆ? ಎಡವಟ್ಟು ಇರುವುದು ಫೋನಿನ ಸ್ವಭಾವದಲ್ಲಿ. ಪಾಸ್‌ವರ್ಡ್ ಇಲ್ಲದ ವೈಫೈಗೆ ಒಮ್ಮೆ ಸೇರಿದರೆ ಅದು ನೆನಪಿಟ್ಟುಕೊಳ್ಳುವುದು ಹೆಸರನ್ನು ಮಾತ್ರ. ಅದೇ ಹೆಸರಿನದು ಎಲ್ಲಿ ಕಂಡರೂ, ಊರಿನ ಹೆಸರು ಹೇಳಿದವನಿಗೆಲ್ಲ ಸಾಲ ಕೊಡುವ ಸಾಹುಕಾರನ ಹಾಗೆ, ಹಿಂದೆಮುಂದೆ ನೋಡದೆ ಸೇರಿಕೊಳ್ಳುತ್ತದೆ.

ಮೈಸೂರಿನ ಒಂದು ಛತ್ರದಲ್ಲಿ ಮದುವೆ. ಎರಡನೇ ಪಂಕ್ತಿಗೆ ಕಾದು ಬೇಸತ್ತ ನಮ್ಮಕ್ಕನ ಮಗ ತನ್ನ ಫೋನಿನ ಹಾಟ್‌ಸ್ಪಾಟ್‌ಗೆ ಪಾಸ್‌ವರ್ಡ್ ತೆಗೆದು, 'ಛತ್ರ ಫ್ರೀ ವೈಫೈ' ಎಂದು ನಾಮಕರಣ ಮಾಡಿದ. ಎಲೆ ಹಾಕುವಷ್ಟರಲ್ಲಿ ಬೀಗರ ಕಡೆಯವರು ಸುಮಾರು ಜನ ಅವನ ಜೇಬಿನೊಳಗಿದ್ದರು. ಅವನು ಊಟಕ್ಕೆ ಎದ್ದುಹೋದ ಕೂಡಲೇ ಚಿಕ್ಕಪ್ಪ ಛತ್ರದ ಮ್ಯಾನೇಜರನ್ನು ಹಿಡಿದರು: "ಏನ್ರೀ ಇದು? ವೈಫೈ ಊಟದ ಮನೇಲಿ ಬರುತ್ತೆ, ಮಂಟಪದ ಹತ್ರ ಬರಲ್ಲ!" ತನ್ನ ಛತ್ರದಲ್ಲಿ ವೈಫೈ ಇದೆಯೆಂದು ಅಂದೇ ತಿಳಿದ ಆ ಮನುಷ್ಯ, "ನಾಳೆನೇ ಸರಿ ಮಾಡಿಸ್ತೀನಿ ಸಾರ್" ಎಂದ.

ಹುಡುಗ ಒಳ್ಳೆಯವನು, ಖರ್ಚಾಗಿದ್ದು ಅವನ ಡೇಟಾ ಅಷ್ಟೆ. ಎಲ್ಲರೂ ಹಾಗಿರುವುದಿಲ್ಲ. 2010ರಲ್ಲಿ ಫೈರ್‌ಶೀಪ್ ಎಂಬ ಪುಟ್ಟ ತಂತ್ರಾಂಶ ಬಂದಾಗ, ಕಾಫಿ ಅಂಗಡಿಯ ವೈಫೈನಲ್ಲಿ ಪಕ್ಕದ ಮೇಜಿನವರ ಫೇಸ್‌ಬುಕ್ ಖಾತೆಗೆ ಯಾರು ಬೇಕಾದರೂ ನುಗ್ಗಬಹುದಿತ್ತು. ಈಗ ಬಹುಪಾಲು ತಾಣಗಳು ಎಚ್‌ಟಿಟಿಪಿಎಸ್‌ಗೆ ಬಂದಿವೆ; ಕಳುಹಿಸಿದ್ದನ್ನು ದಾರಿಯಲ್ಲಿ ಓದುವುದು ಕಷ್ಟ. ಆದರೆ ಕಳ್ಳ ಯಾಕೆ ಕಷ್ಟಪಡಬೇಕು? ನಕಲಿ ಲಾಗಿನ್ ಪುಟ ತೆರೆದಿಟ್ಟು, 'ಜಿಮೇಲ್ ಪಾಸ್‌ವರ್ಡ್ ಹಾಕಿ' ಎಂದರೆ ನಾವೇ ಕನ್ನಡಕ ಹುಡುಕಿಕೊಂಡು ಬಂದು ಹಾಕುತ್ತೇವೆ.

ಇದನ್ನೆಲ್ಲ ಬಿಡಿಸಿ ಹೇಳಿ, ಆ ಹುಡುಗನೇ ಚಿಕ್ಕಪ್ಪನ ಫೋನಿನಲ್ಲಿ ಉಳಿದಿದ್ದ ಹೆಸರುಗಳನ್ನು ಅಳಿಸುತ್ತ ಕೂತ. ಕಟಿಂಗ್ ಶಾಪು ಹೋಯಿತು, ರಕ್ತಪರೀಕ್ಷೆಯ ಲ್ಯಾಬು ಹೋಯಿತು, ಯಾವುದೋ ಲಾಡ್ಜೂ ಹೋಯಿತು. 'ಛತ್ರ ಫ್ರೀ ವೈಫೈ' ಬಂದಾಗ ಚಿಕ್ಕಪ್ಪ ಅವನ ಕೈ ಹಿಡಿದರು.

"ಅದೊಂದು ಇರಲಿ ಬಿಡೋ. ಒಳ್ಳೆ ಸ್ಪೀಡಿತ್ತು."