ಬೆನ್ನಿನ ಮೀಮಾಂಸೆ: ಮೈಸೂರಿನ ಫೋಟೋ ಸ್ಥಳಗಳ ಕುರಿತು ಒಂದು ಶಾಸ್ತ್ರವಿಚಾರ

ತೀರ್ಥಯಾತ್ರೆಗೆ ಹೋದವನು ಎಲ್ಲಿ ಮುಳುಗಬೇಕು, ಎಷ್ಟು ಪ್ರದಕ್ಷಿಣೆ ಹಾಕಬೇಕು, ಯಾರ ಕೈಗೆ ಎಷ್ಟು ದಕ್ಷಿಣೆ ಇಡಬೇಕು ಎಂಬುದನ್ನೆಲ್ಲ ನಮ್ಮ ಸ್ಥಳಪುರಾಣಗಳು ಸವಿಸ್ತಾರವಾಗಿ ವಿಧಿಸಿವೆ. ಎಲ್ಲಿ ನಿಂತರೆ ಚೆನ್ನಾಗಿ ಬರುತ್ತೇವೆ ಎಂಬ ವಿಷಯಕ್ಕೆ ಮಾತ್ರ ಅವು ಒಂದು ಶ್ಲೋಕವನ್ನೂ ಖರ್ಚು ಮಾಡಿಲ್ಲ. ಇದರಿಂದಾಗಿ ಇಂದಿನ ಯಾತ್ರಿಕರು ಶಾಸ್ತ್ರಾಧಾರವಿಲ್ಲದೆ, ಆಟೋದವರ ಬಾಯಿಮಾತನ್ನೇ ಪ್ರಮಾಣವಾಗಿ ಸ್ವೀಕರಿಸಿ ಅಲೆಯಬೇಕಾಗಿದೆ. ಈ ಕೊರತೆಯನ್ನು ತುಂಬುವ ಪ್ರಯತ್ನವೇ ಪ್ರಸ್ತುತ ಪ್ರಬಂಧ. ವಿಚಾರಣೆಗೆ ಮೈಸೂರನ್ನು ಆರಿಸಿಕೊಂಡಿದ್ದಕ್ಕೆ ಕಾರಣ ಸರಳ. ಅರಮನೆ, ಬೆಟ್ಟ, ಚರ್ಚು, ಮಾರುಕಟ್ಟೆ, ದೊಡ್ಡ ಗಡಿಯಾರ ಎಲ್ಲವೂ ಅಲ್ಲಿ ಒಂದೇ ದಿನದಲ್ಲಿ ಸುತ್ತಿ ಮುಗಿಸುವಷ್ಟು ಹತ್ತಿರವಿವೆ. ಬೆಂಗಳೂರಿನ ಕಡೆಯಿಂದ ಪ್ರತಿ ವಾರಾಂತ್ಯವೂ ಅಧ್ಯಯನಕ್ಕೆ ಬೇಕಾದಷ್ಟು ಜನ ತಾವಾಗಿಯೇ ಬಂದಿಳಿಯುತ್ತಾರೆ.

ಮೊದಲು ಲಕ್ಷಣ. ಚೆಂದದ ಜಾಗವೇ ಫೋಟೋ ಸ್ಥಳ ಎಂಬುದು ಲೋಕರೂಢಿಯ ತಪ್ಪು ಕಲ್ಪನೆ. ಚೆಂದದ ಜಾಗವನ್ನು ಜನ ನೋಡುತ್ತಾರೆ. ನೋಡುವವನಿಗೆ ಅದು ಎದುರಿಗಿರುತ್ತದೆ. ಫೋಟೋ ಸ್ಥಳವಾದರೋ ಹಿಂದೆ ಇರುತ್ತದೆ. ಆದ್ದರಿಂದ ನಮ್ಮ ಸಿದ್ಧಾಂತ ಇಷ್ಟು: ಯಾವ ವಸ್ತುವನ್ನು ನೋಡಲೆಂದು ದೂರದಿಂದ ಬಂದು, ಬಂದ ಮೇಲೆ ಅದಕ್ಕೆ ಬೆನ್ನು ಹಾಕಿ ನಿಲ್ಲುತ್ತೇವೆಯೋ ಅದೇ ಫೋಟೋ ಸ್ಥಳ. ಹಾಕಿದ ಬೆನ್ನುಗಳ ಸಂಖ್ಯೆಯೇ ಅದರ ಮಹಿಮೆಯ ಅಳತೆ. ಕನ್ನಡ ಭಾಷೆ ಇದನ್ನು ಮೊದಲೇ ಅರಿತಿದ್ದಂತಿದೆ: ಹಿಂದಿನ ನೆಲೆಯೇ ಹಿನ್ನೆಲೆ. ಸಂಸ್ಕೃತದವರು ಇದೇ ಅರ್ಥದಲ್ಲಿ ಪೃಷ್ಠಭೂಮಿ ಎನ್ನಬಹುದು, ಆದರೆ ಆ ಪದದ ಪೂರ್ವಾರ್ಧವನ್ನು ಕನ್ನಡಿಗರು ಬೆನ್ನಿಗಿಂತ ಒಂದು ಗೇಣು ಕೆಳಗೆ ಇಳಿಸಿಬಿಟ್ಟಿರುವುದರಿಂದ ಗಂಭೀರ ಪ್ರಬಂಧದಲ್ಲಿ ಅದನ್ನು ಬಳಸುವಂತಿಲ್ಲ.

ಈಗ ಪ್ರತ್ಯಕ್ಷ ಪ್ರಮಾಣ. ಭಾನುವಾರ ಸಂಜೆ ಏಳಕ್ಕೆ ಅಂಬಾವಿಲಾಸ ಅರಮನೆಗೆ ದೀಪ ಹಾಕುತ್ತಾರೆ. ಲಕ್ಷದ ಹತ್ತಿರದ ಬಲ್ಬುಗಳು ಒಮ್ಮೆಗೇ ಹೊತ್ತಿಕೊಂಡಾಗ ಅಂಗಳದಿಂದ 'ಹೋ' ಎಂಬ ಉದ್ಗಾರ ಏಳುತ್ತದೆ. ಆ ಉದ್ಗಾರ ಮುಗಿಯುವುದರೊಳಗೆ ಇಡೀ ಜನಸ್ತೋಮ, ಡ್ರಿಲ್ ಮಾಸ್ತರರು 'ಹಿಂದೆ ತಿರುಗ್' ಎಂದರೋ ಎಂಬಂತೆ, ಅರಮನೆಗೆ ಬೆನ್ನು ಹಾಕಿ ನಿಂತಿರುತ್ತದೆ. ತೋಳು ಚಾಚಿದೆ, ಗಲ್ಲ ತುಸು ಮುಂದೆ ಬಂದಿದೆ, ಹುಬ್ಬು ಏರಿದೆ. ಕುಟುಂಬವಾದರೆ ಅತ್ಯಂತ ಉದ್ದ ಕೈಯವನು ಮುಂದೆ, ಅಜ್ಜಿ ಮಧ್ಯೆ, ಯಾವುದೋ ಒಂದು ಮಗು ಚೌಕಟ್ಟಿನ ಹೊರಗೆ. 'ಅರಮನೆ ಬಂತಾ?' ಎಂದು ಹಿಂದಿನವರು ಕೇಳುತ್ತಾರೆ. 'ಬಂತು, ಅಜ್ಜಿ ಬರ್ಲಿಲ್ಲ' ಎಂದು ಮುಂದಿನವನು ಹೇಳುತ್ತಾನೆ. ಈ ಸಂಭಾಷಣೆಯನ್ನು ವಿದ್ವಾಂಸರು ಗಮನಿಸಬೇಕು: 1912ರಿಂದ ಒಂದಿಂಚೂ ಕದಲದ ಅರಮನೆ ಇಲ್ಲಿ 'ಬರುತ್ತದೆ'; ಬೆಳಿಗ್ಗೆ ಐದಕ್ಕೆದ್ದು ಬಸ್ಸು ಹತ್ತಿ ಬಂದ ಅಜ್ಜಿ 'ಬರುವುದಿಲ್ಲ'.

ಇದನ್ನು ಅಗೌರವವೆಂದು ತಿಳಿಯುವವರು ಇತಿಹಾಸ ಓದಿಲ್ಲ. ದೊರೆಯ ಎದುರು ಬೆನ್ನು ತೋರಬಾರದು, ಮುಜುರೆ ಸಲ್ಲಿಸಿದವನು ಹಿಂದಡಿಯಿಡುತ್ತಲೇ ಸರಿಯಬೇಕು ಎಂಬುದು ದರ್ಬಾರಿನ ಕಟ್ಟಳೆಯಾಗಿತ್ತು. 1911ರ ಡಿಸೆಂಬರಿನಲ್ಲಿ ದೆಹಲಿ ದರ್ಬಾರಿನಲ್ಲಿ ಬರೋಡಾದ ಸಯಾಜಿರಾವ್ ಗಾಯಕವಾಡರು ಐದನೆಯ ಜಾರ್ಜ್ ಚಕ್ರವರ್ತಿಗೆ ಒಂದೇ ಸಲ ಬಾಗಿ, ಬೆನ್ನು ತಿರುಗಿಸಿ ನಡೆದುಬಿಟ್ಟರೆಂದು ಸಾಮ್ರಾಜ್ಯವೇ ಗುಲ್ಲೆದ್ದಿತು. ಒಂದು ಬೆನ್ನಿನ ಬೆಲೆ ಅಷ್ಟಿತ್ತು! ಅದರ ಮರುವರ್ಷವೇ, 1897ರಲ್ಲಿ ಬೆಂಕಿಗೆ ಆಹುತಿಯಾದ ಮರದ ಅರಮನೆಯ ಜಾಗದಲ್ಲಿ ಹೆನ್ರಿ ಇರ್ವಿನ್ ವಿನ್ಯಾಸದ ಈಗಿನ ಕಲ್ಲಿನ ಅರಮನೆ ಪೂರ್ಣಗೊಂಡಿದ್ದು ಕಾಕತಾಳೀಯ ಎನ್ನುವವರು ಎನ್ನಲಿ. ಅಲ್ಲಿಂದ ಮುಂದೆ ಸಂಸ್ಥಾನಗಳು ವಿಲೀನವಾದವು, 1971ರಲ್ಲಿ ರಾಜಧನವೂ ಹೋಯಿತು. ಈಗ ಚಕ್ರವರ್ತಿಗೆ ಗಾಯಕವಾಡರು ಮಾಡಿದ್ದನ್ನು ಅರಮನೆಗೆ ಟಿ. ನರಸೀಪುರದ ಕಾಲೇಜು ಹುಡುಗನೂ ಮಾಡುತ್ತಾನೆ, ಅದೂ ನಗುನಗುತ್ತ. ಪ್ರಜಾಪ್ರಭುತ್ವ ಮೈಸೂರಿಗೆ ಯಾವಾಗ ಬಂತು ಎಂಬ ಪ್ರಶ್ನೆಗೆ ಚರಿತ್ರೆಯ ಪಠ್ಯಗಳು ಕೊಡುವ ಇಸವಿ ಸರಿಯಲ್ಲ. ಅದು 2010ರಲ್ಲಿ, ಐಫೋನಿಗೆ ಮುಂಬದಿಯ ಕ್ಯಾಮೆರಾ ಸೇರಿ, ಅದೇ ವರ್ಷ ಇನ್‌ಸ್ಟಾಗ್ರಾಮ್ ಹುಟ್ಟಿದಾಗ ಬಂತು.

ಇನ್ನು ಗಣಿತ. ಅರಮನೆಯ ಉದ್ದ 245 ಅಡಿ, ಗೋಪುರದ ತುದಿಯವರೆಗಿನ ಎತ್ತರ 145 ಅಡಿ. ರೀಲ್ಸ್ ಚೌಕಟ್ಟು ಅಗಲಕ್ಕೆ ಒಂಬತ್ತಾದರೆ ಎತ್ತರಕ್ಕೆ ಹದಿನಾರು. ಅರಮನೆಯ ಎರಡೂ ತುದಿ ಸಿಗುವಂತೆ ಅಡ್ಡಕ್ಕೆ 245 ಅಡಿ ತುಂಬಿಸಿದರೆ ಲಂಬಕ್ಕೆ ಸುಮಾರು 435 ಅಡಿ ಬೇಕಾಗುತ್ತದೆ. ಎಂದರೆ ಚೌಕಟ್ಟು ತುಂಬಲು ಒಂದರ ಮೇಲೊಂದು ಮೂರು ಅರಮನೆ ಪೇರಿಸಬೇಕು. ಇರ್ವಿನ್ ಸಾಹೇಬರು ಸುಮಾರು 41 ಲಕ್ಷ ರೂಪಾಯಿ ಖರ್ಚಿನಲ್ಲಿ ಕಟ್ಟಿಸಿದ್ದು ಒಂದನ್ನೇ. ಉಳಿದ ಎರಡು ಅರಮನೆಗಳಷ್ಟು ಖಾಲಿ ಜಾಗವನ್ನು ಮೇಲೆ ಆಕಾಶದಿಂದಲೂ ಕೆಳಗೆ ತನ್ನ ಮುಖದಿಂದಲೂ ತುಂಬುವ ಹೊಣೆ ಪ್ರವಾಸಿಗನ ಮೇಲೆ ಬಿದ್ದಿದೆ. ಸೆಲ್ಫಿ ತೆಗೆಯುವವರನ್ನು ಆತ್ಮಪ್ರೇಮಿಗಳೆಂದು ಹಳಿಯುವವರು ಈ ರೇಖಾಗಣಿತದ ಅನಿವಾರ್ಯತೆಯನ್ನು ಅರ್ಥ ಮಾಡಿಕೊಳ್ಳಬೇಕು. ಜೊತೆಗೆ ಅರಮನೆ ಪೂರ್ವಾಭಿಮುಖ. ಬೆಳಿಗ್ಗೆ ಅದಕ್ಕೆ ಬೆನ್ನು ಹಾಕಿದವನ ಮುಖಕ್ಕೆ ಬಿಸಿಲು ರಾಚಿ ಮುಖವೇನೋ ಬೆಳಗುತ್ತದೆ, ಆದರೆ ಕಣ್ಣು ಮುಚ್ಚಿಹೋಗುತ್ತದೆ. ಸಂಜೆ ಕಣ್ಣು ತೆರೆದಿರುತ್ತದೆ, ಮುಖ ಮಸಿಯಾಗಿರುತ್ತದೆ. ಕಣ್ಣು ಬೇಕೋ ಮುಖ ಬೇಕೋ ಎಂಬ ಈ ಸಂದಿಗ್ಧಕ್ಕೆ ತಂಪುಕನ್ನಡಕ ಎಂಬ ಪರಿಹಾರ ದೊರಕಿದೆ.

ಅಡ್ಡ ಹರಡಿದ್ದು ಸೋತು ನೆಟ್ಟಗೆ ನಿಂತದ್ದು ಗೆದ್ದ ಕಾಲ ಇದು. 1933ರಲ್ಲಿ ಕಟ್ಟಡ ಆರಂಭವಾದ ಸೇಂಟ್ ಫಿಲೋಮಿನಾ ಚರ್ಚಿನ ಅವಳಿ ಶಿಖರಗಳು 175 ಅಡಿ ಎತ್ತರವಿದ್ದು, ಕೊಲೋನ್ ಚರ್ಚಿನ ಮಾದರಿ ಎಂದು ಹೇಳಲಾದರೂ ನಿಜವಾಗಿ ಮೊಬೈಲಿನ ಮಾದರಿಯಲ್ಲಿವೆ. ಅವುಗಳ ತುದಿ ಕತ್ತರಿಸದಂತೆ ತೆಗೆಯಲು ಫೋಟೋ ತೆಗೆಯುವ ಗಂಡ ಹಿಂದೆ ಹಿಂದೆ ಸರಿಯುತ್ತ, ಕೊನೆಗೆ ಕುಕ್ಕರಗಾಲಿನಲ್ಲಿ ಕೂತು, ಫೋನನ್ನು ತಲೆಕೆಳಗು ಮಾಡಿ ನೆಲಕ್ಕೆ ತಾಗಿಸಿ ಹಿಡಿಯುತ್ತಾನೆ. ಗೋಪುರದ ಎದುರು ಇಷ್ಟು ದೀರ್ಘ ಕಾಲ ಮಂಡಿಯೂರಿದ ಬೇರೆ ಭಕ್ತನನ್ನು ತೋರಿಸುವುದು ಕಷ್ಟ. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತೋತ್ಸವಕ್ಕೆಂದು 1927ರಲ್ಲಿ ಎದ್ದ ದೊಡ್ಡ ಗಡಿಯಾರವೂ ಉದ್ದುದ್ದ ಇರುವುದರಿಂದ ಪಾರಾಗಿದೆ. ಅದರ ಕನ್ನಡ ಅಂಕಿಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡವರನ್ನು 'ಗಂಟೆ ಎಷ್ಟಾಯ್ತು?' ಎಂದು ಕೇಳಿ ನೋಡಿ. ಫೋನು ನೋಡಿ ಹೇಳುತ್ತಾರೆ. ಬೆನ್ನ ಹಿಂದಿನ ಗಡಿಯಾರ ಹಿನ್ನೆಲೆಯಾದ ಮೇಲೆ ಗಡಿಯಾರವಾಗಿ ಉಳಿದಿರುವುದಿಲ್ಲ. ನಮ್ಮ ಸಿದ್ಧಾಂತಕ್ಕೆ ಇದಕ್ಕಿಂತ ಶುದ್ಧವಾದ ನಿದರ್ಶನ ಬೇಕಿಲ್ಲ.

ದೇವರಾಜ ಮಾರುಕಟ್ಟೆಯ ವಿಚಾರ ಇನ್ನೂ ಸೂಕ್ಷ್ಮ. ತಟ್ಟೆಗಳಲ್ಲಿ ಶಂಕುವಿನಂತೆ ಒಟ್ಟಿದ ಕುಂಕುಮ ಮತ್ತು ಬಣ್ಣದ ಪುಡಿಗಳು, ಮಾರುದ್ದದ ಮಲ್ಲಿಗೆ, ವೀಳ್ಯದೆಲೆಯ ಕಟ್ಟು, ಬಾಳೆಗೊನೆ. ಇಲ್ಲಿ ಪ್ರವಾಸಿಗ ಅಂಗಡಿಯವನಿಗೂ ಅವನ ಸರಕಿಗೂ ಒಟ್ಟಿಗೆ ಬೆನ್ನು ಹಾಕುವುದರಿಂದ ವ್ಯಾಪಾರದ ಪ್ರಶ್ನೆ ಉದ್ಭವಿಸುವುದೇ ಇಲ್ಲ. ಹೂವಿನಾಕೆ ಮೊಳ ಅಳೆಯಲು ಚಾಚಿದ ಕೈಯೂ ಸೆಲ್ಫಿಗೆ ಚಾಚಿದ ಕೈಯೂ ಒಂದೇ ಚೌಕಟ್ಟಿನಲ್ಲಿ ಸಿಕ್ಕಾಗ, ಎರಡರಲ್ಲಿ ಯಾವುದು ದುಡಿಮೆ ಎಂದು ದೂರದವರಿಗೆ ಗುರುತಿಸುವುದು ಕಷ್ಟ. ಇಷ್ಟಾದ ಮೇಲೆ ಪೋರ್ಟ್ರೇಟ್ ಮೋಡ್ ಒತ್ತಿದರೆ ಹಿಂದಿನದೆಲ್ಲ ಮಸುಕಾಗಿ, ಕೆಂಪು ಹಳದಿ ಮಚ್ಚೆಗಳಷ್ಟೇ ಉಳಿಯುತ್ತವೆ. 2016ರಲ್ಲಿ ಈ ಕಟ್ಟಡದ ಒಂದು ಭಾಗ ಕುಸಿಯಿತು. ಕೆಡವಿ ಕಟ್ಟಬೇಕೋ, ದುರಸ್ತಿ ಮಾಡಿ ಉಳಿಸಿಕೊಳ್ಳಬೇಕೋ ಎಂದು ತಜ್ಞರು, ವ್ಯಾಪಾರಿಗಳು, ಸರ್ಕಾರ, ನ್ಯಾಯಾಲಯ ಎಲ್ಲರೂ ತಲೆ ಕೆಡಿಸಿಕೊಂಡರು. ಮಸುಕು ಮಾಡಿದರೆ ಬಿರುಕು ಕಾಣುವುದಿಲ್ಲ ಎಂಬ ಸುಲಭೋಪಾಯ ಪ್ರವಾಸಿಗರಿಗೆ ಮಾತ್ರ ಹೊಳೆದಿತ್ತು. ಬೆನ್ನು ಹಾಕುವುದು ಮೊದಲ ಮೆಟ್ಟಿಲು, ಮಸುಕು ಮಾಡುವುದು ಎರಡನೆಯದು. ಮನೆಯಲ್ಲೇ ಕೂತು ಹಿನ್ನೆಲೆ ಅಂಟಿಸಿಕೊಳ್ಳುವುದು ಮೂರನೆಯದು, ಅದು ಸಿದ್ಧರಿಗೆ ಮಾತ್ರ.

ಇನ್ನು ಪೂರ್ವಪಕ್ಷಗಳು. ಸೆಲ್ಫಿ ತೆಗೆಯುವವನು ಅರಮನೆಯನ್ನು ನೋಡುತ್ತಲೇ ಇರುತ್ತಾನಲ್ಲ, ಫೋನಿನ ಪರದೆ ಅವನಿಗೆ ಕನ್ನಡಿಯಲ್ಲವೇ ಎಂಬುದು ಮೊದಲ ಆಕ್ಷೇಪ. ಉತ್ತರ ಬೇಲೂರಿನಲ್ಲಿದೆ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದ ದರ್ಪಣಸುಂದರಿ ಒಂಬತ್ತು ಶತಮಾನಗಳಿಂದ ಕನ್ನಡಿ ಹಿಡಿದು, ಹೊಯ್ಸಳ ಶಿಲ್ಪದ ಸಕಲ ವೈಭವವನ್ನೂ ಬೆನ್ನಿಗಿಟ್ಟುಕೊಂಡು ನಿಂತಿದ್ದಾಳೆ. ಆಕೆ ಕನ್ನಡಿಯಲ್ಲಿ ದೇವಾಲಯದ ಗೋಡೆ ನೋಡುತ್ತಿದ್ದಾಳೆಂದು ಇದುವರೆಗೆ ಯಾವ ಗೈಡೂ ವಿವರಿಸಿಲ್ಲ. ಎರಡನೆಯ ಆಕ್ಷೇಪ ಶೈವರದು: ನಂದಿಯ ಕೊಂಬುಗಳ ನಡುವಿನಿಂದ ಶಿವನನ್ನು ನೋಡುವ ಶೃಂಗದರ್ಶನದ ಪದ್ಧತಿ ಇದೆಯಲ್ಲ, ಎಲ್ಲಿ ನಿಂತು ಯಾವ ಚೌಕಟ್ಟಿನಲ್ಲಿ ನೋಡಬೇಕೆಂದು ಹಿರಿಯರು ಹೇಳಿಲ್ಲವೆನ್ನುವುದು ಹೇಗೆ? ಒಪ್ಪತಕ್ಕ ಮಾತೇ. ಆದರೆ ಅಲ್ಲಿ ಚೌಕಟ್ಟಿನೊಳಗೆ ಇರುವವನು ಶಿವ. ನೋಡುವವನು ಹೊರಗಿರುತ್ತಾನೆ, ಆದ್ದರಿಂದ ಅದು ನಮ್ಮ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ. ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಒಂದೇ ಬಂಡೆಯಿಂದ ಕಡೆದ ಚಾಮುಂಡಿ ಬೆಟ್ಟದ ನಂದಿಯನ್ನು ನೋಡಿ. ಎದುರಿಗೆ ನಿಂತವರೆಲ್ಲ ಬೆನ್ನು ಹಾಕಿರುವುದರಿಂದ, ಅವರ ಹೆಗಲ ಮೇಲಿಂದ ಫೋನಿನ ಪರದೆಯನ್ನು ಇಣುಕಿ ನೋಡುವ ಕೆಲಸ ಮಾತ್ರ ಅದಕ್ಕೆ ಉಳಿದಿದೆ. ಫೋಟೋದಲ್ಲಿ ಕಣ್ಣು ಮುಚ್ಚದಿರುವುದು ಸಾಮಾನ್ಯವಾಗಿ ಅದೊಂದೇ.

ಹಿಮ್ಮೇಳವಿಲ್ಲದೆ ಮುಮ್ಮೇಳವಿಲ್ಲ, ಯಕ್ಷಗಾನದಲ್ಲಿ ಹಿಂದೆ ಕೂತ ಭಾಗವತನೇ ಮೊದಲನೆಯ ವೇಷಧಾರಿ, ಹಾಗೆಯೇ ಹಿಂದೆ ನಿಂತ ಅರಮನೆಯೇ ಇಲ್ಲಿ ಪ್ರಧಾನ ಎಂದು ಕರಾವಳಿಯ ಕಡೆಯವರು ವಾದಿಸಬಹುದು. ಭಾಗವತರು ಕಂಬಿ ಕಿತ್ತರೆ ವೇಷ ಕುಣಿಯಲಾರದು ಎಂಬುದು ನಿಜ. ಅರಮನೆ ಇಲ್ಲದಿದ್ದರೆ ಪ್ರವಾಸಿಗ ಪಕ್ಕದ ಐಸ್‌ಕ್ರೀಮ್ ಗಾಡಿಯ ಮುಂದೆಯೂ ಅದೇ ಹುಬ್ಬು ಏರಿಸಿ ನಿಲ್ಲಬಲ್ಲ ಎಂಬುದೂ ಅಷ್ಟೇ ನಿಜ. ತಮ್ಮನ್ನು ಬಿಟ್ಟು ಬರೀ ಅರಮನೆಯನ್ನಷ್ಟೇ ತೆಗೆಯುವ ಸಜ್ಜನರಿಲ್ಲವೇ ಎಂಬ ಪ್ರಶ್ನೆಯನ್ನು ಬೇಗ ಮುಗಿಸಬಹುದು. ಇದ್ದಾರೆ. ಅವರು ಅರವತ್ತು ದಾಟಿದ ಮಾವಂದಿರು. ಆ ಚಿತ್ರಗಳು ಮಾರನೆಯ ಬೆಳಿಗ್ಗೆ ಶುಭೋದಯ ಎಂಬ ಅಕ್ಷರ ಹೊತ್ತು ಕುಟುಂಬದ ವಾಟ್ಸಾಪ್ ಗುಂಪಿಗೆ ಬಂದು, ತೆರೆಯದೆಯೇ ಉಳಿಯುತ್ತವೆ.

ಸಿದ್ಧಾಂತವನ್ನು ನಿಜವಾಗಿ ಅಲುಗಾಡಿಸುವ ಆಕ್ಷೇಪ ಒಂದೇ. ಈಚೆಗೆ ಹಿಂಬದಿಯಿಂದ ತೆಗೆಸಿಕೊಳ್ಳುವ ರೂಢಿ ಬಂದಿದೆ. ಯುವತಿ ಅರಮನೆಗೆ ಮುಖ ಮಾಡಿ, ಕ್ಯಾಮೆರಾಕ್ಕೆ ಬೆನ್ನು ಕೊಟ್ಟು, ಸೀರೆಯ ಸೆರಗು ಗಾಳಿಗೆ ಬಿಟ್ಟು ನಿಂತಿರುತ್ತಾಳೆ. ಇಲ್ಲಾದರೂ ಅರಮನೆಯನ್ನು ಎದುರಿಸಿ ನಿಂತಿದ್ದಾರಲ್ಲ! ಈ ವಿಪರ್ಯಾಸವನ್ನು ಪರಿಹರಿಸಲು ಬೆನ್ನಿನ ಸಂರಕ್ಷಣಾ ನಿಯಮವನ್ನು ಮಂಡಿಸಬೇಕಾಗಿದೆ: ಪ್ರವಾಸದ ಯಾವುದೇ ಫೋಟೋದಲ್ಲಿ ಬೆನ್ನು ನಾಶವಾಗುವುದಿಲ್ಲ, ದಿಕ್ಕು ಬದಲಿಸುತ್ತದೆ ಅಷ್ಟೇ. ಅರಮನೆಗೆ ತಪ್ಪಿದ ಬೆನ್ನು ಫಾಲೋವರುಗಳ ಪಾಲಿಗೆ ಬಂದಿದೆ. ಆಕೆ ನೋಡುತ್ತಿರುವುದಾದರೂ ಅರಮನೆಯನ್ನೇ ಎಂದು ಸಾಧಿಸುವುದು ಕಷ್ಟ. ತುಟಿಯಂಚಿನಿಂದ 'ಸೆರಗು ಹಾರ್ತಿದೆಯಾ? ತೆಗ್ದ್ಯಾ?' ಎಂದು ಕೇಳುತ್ತಿರುವವಳ ಗಮನ ಎದುರಿಗಿರುವುದಿಲ್ಲ, ಬೆನ್ನ ಹಿಂದಿರುತ್ತದೆ. ಹಿಂದೆ ಕುಕ್ಕರಗಾಲಿನಲ್ಲಿ ಕೂತವನು 'ಇನ್ನೊಂದು ಸಲ ತಿರುಗು' ಎನ್ನುತ್ತಾನೆ.

ಹಾಗಾದರೆ ನಮ್ಮ ನಿಯಮಕ್ಕೆ ಅಪವಾದವೇ ಇಲ್ಲವೇ ಎಂದರೆ, ಒಂದಿದೆ. ಶಾಸ್ತ್ರದ ಪ್ರಾಮಾಣಿಕತೆಗಾಗಿ ಅದನ್ನೂ ದಾಖಲಿಸಬೇಕು. ಭಾನುವಾರದ ದೀಪ ಮುಕ್ಕಾಲು ಗಂಟೆಯ ಆಸುಪಾಸಿನಲ್ಲಿ ಪಟ್ಟನೆ ಆರುತ್ತದೆ. ಆಗ ಪರದೆಯೊಳಗಿನ ಹಿನ್ನೆಲೆ ಇದ್ದಕ್ಕಿದ್ದಂತೆ ಕಪ್ಪಾಗಿ, ಅಂಗಳದಲ್ಲಿರುವ ಸಾವಿರಾರು ಜನ ಏನಾಯಿತೆಂದು ಒಟ್ಟಿಗೆ ಹಿಂದೆ ತಿರುಗುತ್ತಾರೆ. ಕತ್ತಲಲ್ಲಿ ಗುಮ್ಮಟಗಳ ಅಂಚು ಮಾತ್ರ ಕಾಣುತ್ತಿರುತ್ತದೆ. ಯಾರ ಕೈಯೂ ಚಾಚಿರುವುದಿಲ್ಲ. 'ಅಯ್ಯೋ, ಆರಿಸೇಬಿಟ್ರಾ?' ಎಂದು ಅಜ್ಜಿ ಕೇಳುತ್ತಾಳೆ.