ಹಲ್ಲು ನೋಡದೆ ಕೊಂಡ ಗಾಡಿ

ಕಡೂರು ಸೀಮೆಯ ಜನ ತೆಂಗಿನಕಾಯಿಯನ್ನು ಕೂಡ ಸುಮ್ಮನೆ ಕೊಳ್ಳುವವರಲ್ಲ. ತೋಟದಲ್ಲಿ ಸ್ವಂತ ಕಾಯಿ ರಾಶಿ ಬಿದ್ದಿದ್ದರೂ ಸರಿ, ಸಂತೆಯಲ್ಲಿ ಕಂಡದ್ದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ನೀರಿನ ಸದ್ದು ಕೇಳಿ, ಉಗುರಿನಿಂದ ಕುಟ್ಟಿ, ‘ಎಳೇದು’ ಎಂದು ಕೆಳಗಿಡುತ್ತಾರೆ. ಅಜ್ಜಂಪುರದವರು ಈರುಳ್ಳಿ ಚೀಲದ ಬಾಯಿ ಬಿಚ್ಚಿಸಿ ತಳದವರೆಗೆ ಕೈ ಹಾಕುತ್ತಾರೆ. ಮೇಲೆ ದಪ್ಪ ಗಡ್ಡೆ ಜೋಡಿಸಿ ಕೆಳಗೆ ಗೋಲಿ ತುಂಬುವ ವಿದ್ಯೆ ಅವರಿಗೂ ಗೊತ್ತು. ತರೀಕೆರೆಯ ಬಟ್ಟೆ ಅಂಗಡಿಯಲ್ಲಿ ಒಂದು ಟವೆಲ್ಲಿಗೂ ಹತ್ತು ಟವೆಲ್ ಕೆಳಗಿಳಿಯಬೇಕು. ಇಂಥ ಜನ ಹದಿನೈದು ಲಕ್ಷದ ಗಾಡಿಯನ್ನು ಮುಟ್ಟದೆ, ಓಡಿಸದೆ, ಎದುರು ನಿಂತು ನೋಡದೆ, ತೋಟದ ಪಂಪ್‌ಹೌಸಿನ ಮೇಲೆ ಹತ್ತಿ ಸಿಗ್ನಲ್ ಹುಡುಕಿ, ಫೋನಿನಲ್ಲಿ ಹೆಬ್ಬೆರಳು ಒತ್ತಿ ಬುಕ್ ಮಾಡುತ್ತಾರೆ. ಒಟಿಪಿ ಬರುವುದು ಒಂದು ನಿಮಿಷ ತಡವಾದರೆ ಬೆವರುತ್ತಾರೆ.

ನಮ್ಮ ದೊಡ್ಡಪ್ಪ ಎತ್ತು ಕೊಳ್ಳುವುದನ್ನು ಕಂಡವರಿಗೆ ಈ ಬೆರಗು ಇನ್ನೂ ಹೆಚ್ಚು. ಜಾತ್ರೆಗೆ ಹೋದ ಮೊದಲ ದಿನ ಅವರು ಏನನ್ನೂ ಕೊಳ್ಳುತ್ತಿರಲಿಲ್ಲ, ಸುಮ್ಮನೆ ಸುತ್ತುತ್ತಿದ್ದರು. ಎರಡನೆಯ ದಿನ ಮೆಚ್ಚಿದ ಜೋಡಿಯ ಪಕ್ಕದಲ್ಲಿ ನಿಂತು ಬೇರೆ ಜೋಡಿಯನ್ನು ನೋಡುತ್ತಿದ್ದರು. ಮಾರುವವನಿಗೆ ಮನಸ್ಸಿನ ಗುಟ್ಟು ತಿಳಿಯಬಾರದಲ್ಲ. ಆಮೇಲೆ ತುಟಿ ಎತ್ತಿ ಹಲ್ಲು ನೋಡುವುದು: ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿದೆಯೋ. ಹಣೆ, ಬೆನ್ನು, ಹೆಗಲಿನ ಸುಳಿ ನೋಡುವುದು. ಗೊರಸು ಎತ್ತಿಸುವುದು. ನಾಲ್ಕು ಹೆಜ್ಜೆ ನಡೆಸಿ ಹಿಂದಿನಿಂದ ನೋಡುವುದು, ಗಾಡಿಗೆ ಹೂಡಿಸಿ ಮುಂದಿನಿಂದ ನೋಡುವುದು. ಇಷ್ಟೆಲ್ಲ ಆದ ಮೇಲೆ ದಳ್ಳಾಳಿಯ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ. ಕೊಂಡು ತಂದ ಮೇಲೂ ಒಂದು ವಾರ, ‘ಎಡಗಡೇದು ಯಾಕೋ ಸ್ವಲ್ಪ ಜಡ’ ಎಂದು ಕೊರಗು.

ಇಂಥವರ ಮೊಮ್ಮಗ ಹೊಸ ಗಾಡಿಗೆ ಮುಂಗಡ ಕಟ್ಟಿ ಬಂದ ಸಂಜೆ ಜಗಲಿಯಲ್ಲಿ ನಡೆದ ಮಾತುಕತೆ ಹೀಗಿತ್ತು:

“ಎಲ್ಲೈತ್ಲಾ ಗಾಡಿ?”

“ಇನ್ನೂ ಬಂದಿಲ್ಲ ಅಜ್ಜ.”

“ಶಿವಮೊಗ್ಗದಾಗೆ ನೋಡ್ಕೊಂಡು ಬಂದ್ಯಾ?”

“ಅಲ್ಲಿಗೂ ಬಂದಿಲ್ಲ.”

“ರೇಟು?”

“ಇನ್ನೂ ಹೇಳಿಲ್ಲ.”

“ಮತ್ತೆ ದುಡ್ಡು ಯಾತಕ್ಕೆ ಕಟ್ದೆ?”

“ನಂಬರಿಗೆ ಅಜ್ಜ. ಲೈನಿನಾಗೆ ನಮ್ದು ಮುಂದಿನ ನಂಬರು.”

ದೊಡ್ಡಪ್ಪ ಎಲೆಗೆ ಸುಣ್ಣ ಹಚ್ಚಿ ಮುಗಿಸಿ ಕೇಳಿದರು: “ನಂಬರು ಎಷ್ಟು ಚೀಲ ಹೊರುತ್ತೆ?”

ಮೊಮ್ಮಗನ ಹತ್ತಿರ ಉತ್ತರವಿರಲಿಲ್ಲ. ಆದರೆ ದೊಡ್ಡಪ್ಪನ ಕಾಲದವರೇನೂ ನಂಬರಿಗೆ ದುಡ್ಡು ಕಟ್ಟದವರಲ್ಲ. ಬಜಾಜ್ ಸ್ಕೂಟರಿಗೆ ಹೆಸರು ಬರೆಸಿ ಹತ್ತು ವರ್ಷದವರೆಗೂ ಕಾದವರು ಈ ದೇಶದಲ್ಲಿದ್ದರು. ಡಾಲರ್ ಕಳಿಸುವ ನೆಂಟರಿದ್ದವರಿಗೆ ಬೇಗ ಸಿಗುತ್ತಿತ್ತು. ಅದಕ್ಕೆ ಬೇರೆಯೇ ಕೋಟಾ ಇತ್ತು. ಉಳಿದವರು ಬುಕಿಂಗ್ ರಸೀದಿಯನ್ನು ಜಮೀನಿನ ಪತ್ರದ ಜೊತೆ ಟ್ರಂಕಿನಲ್ಲಿಟ್ಟು ಕಾಯುತ್ತಿದ್ದರು. 1983ರಲ್ಲಿ ಮಾರುತಿಯವರು ಹತ್ತು ಸಾವಿರ ರೂಪಾಯಿ ಮುಂಗಡಕ್ಕೆ ಬುಕಿಂಗ್ ತೆರೆದಾಗ, ರಸ್ತೆಯಲ್ಲಿ ಒಂದೂ ಕಾರು ಓಡಾಡದಿದ್ದರೂ ಲಕ್ಷಕ್ಕೂ ಮೀರಿ ಜನ ಹಣ ಕಟ್ಟಿದರು. ಆ ವರ್ಷ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಕಾರಿನ ಕೀಲಿ ಕೊಟ್ಟರು. ಅಂದಿನ ಹತ್ತು ಸಾವಿರ ಎಂದರೆ ಎಷ್ಟೋ ಮೇಷ್ಟ್ರುಗಳ ಒಂದು ವರ್ಷದ ಸಂಬಳ.

ಆಮೇಲೆ ಬಂತು ನ್ಯಾನೋ. 2009ರ ಮಾರ್ಚ್ 23ರಂದು ಬಿಡುಗಡೆಯಾಯಿತು, ಏಪ್ರಿಲ್ 9ರಿಂದ 25ರವರೆಗೆ ಬುಕಿಂಗ್. ಅರ್ಜಿಗೇ 300 ರೂಪಾಯಿ. ಎರಡು ಲಕ್ಷಕ್ಕೂ ಹೆಚ್ಚು ಅರ್ಜಿ ಬಂದವು. ಅದರಲ್ಲಿ ಮೊದಲ ಒಂದು ಲಕ್ಷ ಜನರನ್ನು ಕಂಪ್ಯೂಟರ್ ಲಾಟರಿ ಎತ್ತಿ ಆರಿಸಿದರು. ಲಾಟರಿಯಲ್ಲಿ ಗೆದ್ದರೆ ಬಹುಮಾನ ಬರುತ್ತದೆಂದು ಕೇಳಿದ್ದೆವು. ಗೆದ್ದವರೇ ದುಡ್ಡು ಕೊಡಬೇಕಾದ ಲಾಟರಿ ನಮ್ಮ ಕಡೆಯವರಿಗೆ ಅದೇ ಮೊದಲು.

ಕಾಯುವುದರಲ್ಲಿ ನಮ್ಮ ಸೀಮೆಗೆ ಬೇರೆ ಅಭ್ಯಾಸವೂ ಇದೆ. ಒಂದು ಕಾಲಕ್ಕೆ ಇಡೀ ಜಿಲ್ಲೆಗೇ ಕಡೂರು ಜಿಲ್ಲೆ ಎಂಬ ಹೆಸರಿತ್ತು. ಅಂಥ ಊರಿನಿಂದ ಚಿಕ್ಕಮಗಳೂರಿಗೆ ರೈಲು ಬರುತ್ತದೆಂದು ತಲೆಮಾರುಗಳು ಕಾದವು. ಅದು ಓಡಿದ್ದು 2013ರಲ್ಲಿ. ಅಜ್ಜಂಪುರದವರು ತಾಲ್ಲೂಕಿಗಾಗಿ ತರೀಕೆರೆಗೆ ಅಲೆದಾಡುತ್ತಲೇ ಕಾದರು, ಕೊನೆಗೆ ತಾಲ್ಲೂಕಾಯಿತು. ಮುಂಗಡ ಕಟ್ಟಿಸಿಕೊಳ್ಳಲಿಲ್ಲ ಎನ್ನುವುದೊಂದೇ ಸಮಾಧಾನ.

ಆದರೆ ಬಜಾಜ್ ಸ್ಕೂಟರಿನ ಕಾಲದ ಕಾಯುವಿಕೆಗೆ ಒಂದು ಅರ್ಥವಿತ್ತು. ಆರಿಸಿಕೊಳ್ಳಲು ಹೆಚ್ಚು ಗಾಡಿಗಳೇ ಇರಲಿಲ್ಲ, ಕಾಯದೆ ಗತಿಯಿರಲಿಲ್ಲ. ಈಗ ಬೇಕಾದಷ್ಟು ಗಾಡಿಗಳು ಗಾಜಿನ ಹಿಂದೆ ನಿಂತು ಗಿರಾಕಿಯನ್ನು ಕಾಯುತ್ತಿವೆ, ಗಿರಾಕಿ ಮಾತ್ರ ಇನ್ನೂ ಹುಟ್ಟದ ಗಾಡಿಯನ್ನು ಕಾಯುತ್ತಿದ್ದಾನೆ. ಬೆಂಗಳೂರಿನ ಓಲಾ ಕಂಪನಿ 2021ರ ಜುಲೈ 15ರಂದು 499 ರೂಪಾಯಿಗೆ ಎಲೆಕ್ಟ್ರಿಕ್ ಸ್ಕೂಟರ್ ಬುಕಿಂಗ್ ತೆರೆದಾಗ 24 ಗಂಟೆಯಲ್ಲಿ ಒಂದು ಲಕ್ಷ ಜನ ಕಟ್ಟಿದರು. ಸ್ಕೂಟರ್ ಬಿಡುಗಡೆಯಾದದ್ದು ಮರು ತಿಂಗಳು, ಮೊದಲ ಗಿರಾಕಿಯ ಕೈಗೆ ಬಂದದ್ದು ಡಿಸೆಂಬರಿನಲ್ಲಿ. ಅದೇ ಆಗಸ್ಟ್ 15ರಂದು ಬೆಂಗಳೂರಿನದೇ ಸಿಂಪಲ್ ಎನರ್ಜಿಯವರು ಸ್ವಾತಂತ್ರ್ಯದ ನೆನಪಿಗೆ 1,947 ರೂಪಾಯಿ ಮುಂಗಡ ಇಟ್ಟರು; ಗಾಡಿ ಗಿರಾಕಿಗಳನ್ನು ತಲುಪತೊಡಗಿದ್ದು 2023ರ ಜೂನಿನಲ್ಲಿ. ಅಮೆರಿಕದ ಟೆಸ್ಲಾ 2016ರಲ್ಲಿ ಮಾಡೆಲ್ 3 ಕಾರಿಗೆ ಸಾವಿರ ಡಾಲರ್ ಕೇಳಿದಾಗ ಭಾರತದಿಂದಲೂ ಕಟ್ಟಿದವರಿದ್ದರು. 2025ರಲ್ಲಿ ಅವರಿಗೆ ಬಂದದ್ದು ಕಾರಲ್ಲ, ಮುಂಗಡ ವಾಪಸ್ ಮಾಡುತ್ತೇವೆಂಬ ಪತ್ರ.

ಹಾಗಾದರೆ ಇವರೆಲ್ಲ ದುಡ್ಡು ಕೊಟ್ಟು ಕೊಳ್ಳುವುದಾದರೂ ಏನನ್ನು? ನನ್ನ ಪ್ರಕಾರ, ಮಾತಾಡುವ ಹಕ್ಕನ್ನು. ಬುಕ್ ಮಾಡಿದವನಿಗೆ ಕಡೂರಿನ ಬೇಕರಿಯ ಮುಂದೆ ಒಂದು ಸ್ಥಾನ ಸಿಗುತ್ತದೆ. ಟೀ ಬಂದ ಕೂಡಲೇ ಫೋನು ತೆಗೆಯುತ್ತಾನೆ. ಕಂಪನಿಯವರು ಬಿಟ್ಟ ಹತ್ತು ಸೆಕೆಂಡಿನ ವಿಡಿಯೋ. ಅದರಲ್ಲಿ ಕತ್ತಲು, ಹೊಗೆ, ಒಂದು ದೀಪ ಹತ್ತಿ ಆರುತ್ತದೆ. ಬೀರೂರಿನಲ್ಲಿ ದಸರಾ ಹೊತ್ತಿಗೆ ಆಗುವ ಮೈಲಾರಲಿಂಗಸ್ವಾಮಿಯ ಕಾರ್ಣಿಕದ ಒಗಟು ನುಡಿಯಲ್ಲಿ ರೈತರಿಗೆ ಮಳೆ, ವ್ಯಾಪಾರಿಗೆ ಅಡಿಕೆ ರೇಟು, ರಾಜಕಾರಣಿಗೆ ಕುರ್ಚಿ ಕಾಣಿಸುವ ಹಾಗೆ, ಆ ಒಂದು ದೀಪದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗಾಡಿ ಕಾಣಿಸುತ್ತದೆ. ‘ಸನ್‌ರೂಫ್ ಇದ್ದೇ ಇರುತ್ತೆ’ ಎನ್ನುತ್ತಾನೆ ಒಬ್ಬ. ‘ನಮ್ಮ ತೋಟದ ಕೊರಕಲು ಹತ್ತುತ್ತೆ ಬಿಡು’ ಎನ್ನುತ್ತಾನೆ ಇನ್ನೊಬ್ಬ. ಗಾಡಿ ಕೈಗೆ ಬರುವವರೆಗೆ ಅದಕ್ಕೆ ಮೈಲೇಜು ಕಡಿಮೆಯಿಲ್ಲ, ಸದ್ದಿಲ್ಲ, ಇಎಂಐ ಇಲ್ಲ. ಅಷ್ಟು ಒಳ್ಳೆಯ ಗಾಡಿ ಮುಂದೆಂದೂ ಅವನಿಗೆ ಸಿಗುವುದಿಲ್ಲ.

ಮಧ್ಯೆ ಶೋರೂಮಿನ ಹುಡುಗಿಯ ಫೋನು ಬರುತ್ತದೆ. “ಸರ್, ನೀವು ಹೇಳಿರೋ ವೇರಿಯಂಟ್ ಲೇಟಾಗುತ್ತೆ. ಟಾಪ್ ಎಂಡ್ ತಗೊಂಡ್ರೆ ಮುಂದಿನ ತಿಂಗಳೇ ಕೊಡ್ತೀವಿ. ಕಲರ್ ಮಾತ್ರ ಕೇಳ್ಬೇಡಿ ಸರ್.” ಬಿಳಿ ಬಣ್ಣ ಬೇಕೆಂದು ಹೆಂಡತಿಗೆ ಮಾತು ಕೊಟ್ಟವನು ಕೆಂಪಿಗೆ ಒಪ್ಪಿಕೊಂಡು, ‘ಕೆಂಪು ದೇವಿಗೆ ಶ್ರೇಷ್ಠ’ ಎಂದು ಮನೆಯಲ್ಲಿ ಹೊಸ ಶಾಸ್ತ್ರ ಹೇಳುತ್ತಾನೆ.

ಇಷ್ಟು ನಕ್ಕ ಮೇಲೆ, ನ್ಯಾಯಕ್ಕೆ ಇನ್ನೊಂದು ಮಾತನ್ನೂ ಹೇಳಬೇಕು. ಅಜ್ಜಂಪುರದಲ್ಲಿ ಅಮೃತ್ ಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಮೈಸೂರು ಅರಸರ ಕಾಲದ ‘ಬೆಣ್ಣೆ ಚಾವಡಿ’ಯ ಹಸುಗಳ ವಂಶ ಅದು, ಅಮೃತ್ ಮಹಲ್ ಎಂಬ ಹೆಸರು ಕೊಟ್ಟವನು ಟಿಪ್ಪು. ಹೈದರನ ಫಿರಂಗಿ, ಸಾಮಾನು ಎಳೆದದ್ದು ಈ ಎತ್ತುಗಳೇ. ಚಿದಂಬರದ ಕಡೆ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿದ ಅವನ ದಂಡಿನ ಕಥೆ ಇಂಗ್ಲಿಷರ ಬರಹಗಳಲ್ಲೂ ಬಂದಿದೆ. ಇದಕ್ಕಿಂತ ಒಳ್ಳೆಯ ಬ್ರೋಷರ್ ಯಾವ ಕಂಪನಿಯ ಹತ್ತಿರವಿದೆ? ಇಲ್ಲಿ ಹೋರಿಕರುಗಳ ಹರಾಜು ನಡೆಯುತ್ತದೆ; ದೂರದ ಜಿಲ್ಲೆಗಳ ರೈತರೂ ಬಂದು ಕೂಗುತ್ತಾರೆ. ಕಾವಲಿನಲ್ಲಿ ಅರೆಕಾಡಿನಂತೆ ಬೆಳೆದ ಹೋರಿಗಳಿವು. ಮೂಗುದಾರ ಕಂಡಿಲ್ಲ, ನೊಗ ಕಂಡಿಲ್ಲ, ಹಗ್ಗ ಕಂಡರೆ ಹಾರುತ್ತವೆ. ಅವುಗಳ ತುಟಿ ಎತ್ತಿ ಹಲ್ಲು ಎಣಿಸಲು ಹೋದವನ ಹಲ್ಲನ್ನು ಆಮೇಲೆ ಬೇರೆಯವರು ಎಣಿಸಬೇಕಾಗುತ್ತದೆ. ಬೇಲಿಯಾಚೆ ನಿಂತು, ಕೊಂಬಿನ ವಾಲು, ಬೆನ್ನಿನ ನೇರ ನೋಡಿ ಕೂಗಬೇಕು. ಹೂಡಿ ನೋಡಿಲ್ಲ, ಓಡಿಸಿ ನೋಡಿಲ್ಲ. ತಳಿಯನ್ನು ನಂಬಿ ದುಡ್ಡು. ಹಲ್ಲು ನೋಡದೆ ಎತ್ತು ಕೊಳ್ಳದ ನಮ್ಮ ದೊಡ್ಡಪ್ಪನೂ ಅಲ್ಲಿ ಕೈ ಎತ್ತಿದವರೇ. ಕೇಳಿದರೆ, “ಅದು ಅಮೃತ್ ಮಹಲ್ ಕಣೋ, ನೋಡೋದೇನೈತೆ?” ಎಂದರು.

ಮೊಮ್ಮಗನೂ ತನ್ನ ಕಂಪನಿಯ ಬಗ್ಗೆ ಹೇಳಿದ್ದು ಇದನ್ನೇ. ಎಂದರೆ ಜಗಳ ನೋಡುವುದು ಬಿಡುವುದರದ್ದಲ್ಲ, ತಳಿಯದ್ದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಅಲ್ಲಿಂದ ಬಂದ ಜಾವಾ, ಯೆಜ್ಡಿಗಳು ನಮ್ಮ ಬಿ.ಎಚ್. ರಸ್ತೆಯಲ್ಲಿ ಎಬ್ಬಿಸಿದ ಸದ್ದು ಐವತ್ತು ದಾಟಿದವರ ಕಿವಿಯಲ್ಲಿ ಇನ್ನೂ ಇದೆ. 2018ರ ನವೆಂಬರ್ 15ರಂದು ಜಾವಾ ಹೆಸರು ಮರಳಿ ಬಂದಾಗ, ಓಡಿಸಿ ನೋಡುವ ಮೊದಲೇ ಜನ ಮುಗಿಬಿದ್ದರು. ಮುಂದಿನ ವರ್ಷದ ಸೆಪ್ಟೆಂಬರ್‌ವರೆಗಿನ ಗಾಡಿಗಳೆಲ್ಲ ಖರ್ಚಾದವೆಂದು ಡಿಸೆಂಬರ್ 25ಕ್ಕೇ ಆನ್‌ಲೈನ್ ಬುಕಿಂಗ್ ನಿಲ್ಲಿಸಿದರು. ಕಟ್ಟಿದವರು ನಂಬಿದ್ದು ಹಳೆಯ ಮೈಸೂರಿನ ತಳಿಯನ್ನು; ಹೊಸದು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೆಸರು ಅದೇ, ಕೊಟ್ಟಿಗೆ ಬೇರೆ. ಹೋರಿಯ ವಿಷಯದಲ್ಲಾದರೆ ನಮ್ಮವರು ಅಪ್ಪನ ಜೊತೆ ಅಮ್ಮನನ್ನೂ ವಿಚಾರಿಸುತ್ತಾರೆ.

ಅವಸರಕ್ಕೆ ಲಾಭವೇ ಇಲ್ಲವೆಂದಲ್ಲ. 2021ರ ಅಕ್ಟೋಬರ್ 7ರಂದು ಮಹೀಂದ್ರ ಎಕ್ಸ್‌ಯುವಿ 700ಕ್ಕೆ 57 ನಿಮಿಷದಲ್ಲಿ ಬುಕ್ ಮಾಡಿದ ಮೊದಲ 25 ಸಾವಿರ ಜನರಿಗೆ ಆರಂಭದ ಬೆಲೆ ಸಿಕ್ಕಿತು. ಗಂಟೆ ಕಳೆದು ಬಂದವರಿಗೆ ಏರಿದ ಬೆಲೆ. ಮಾರುತಿ ಜಿಮ್ನಿಯ ಕಥೆ ಇದಕ್ಕೆ ತಿರುಗಾಮುರುಗಾ. 2023ರ ಜನವರಿ 12ರಂದು ಗಾಡಿ ತೋರಿಸಿದ ದಿನವೇ ಬುಕಿಂಗ್ ತೆರೆಯಿತು, ಬೆಲೆ ಹೇಳಿದ್ದು ಜೂನ್ 7ರಂದು. ಕೆಮ್ಮಣ್ಣುಗುಂಡಿ, ಕಲ್ಲತ್ತಿಗಿರಿಯ ದಾರಿ ಬಲ್ಲವರಿಗೆಲ್ಲ ಬಾಯಲ್ಲಿ ನೀರೂರುವ ಗಾಡಿ ಅದು. ಶುರುವಿನ ಬೆಲೆ 12.74 ಲಕ್ಷ. ಅದೇ ವರ್ಷ ಡಿಸೆಂಬರ್ ಹೊತ್ತಿಗೆ ಥಂಡರ್ ಎಡಿಷನ್ ಎಂದು 10.74 ಲಕ್ಷದಿಂದ ಕೊಟ್ಟರು. ಆರು ತಿಂಗಳು ಸುಮ್ಮನೆ ಕೂತವನಿಗೆ ಎರಡು ಲಕ್ಷ ಉಳಿಯಿತು. ಕೂಲಿ ಲೆಕ್ಕದಲ್ಲಿ ಸುಮ್ಮನೆ ಕೂರುವ ಕೆಲಸಕ್ಕೆ ಇಷ್ಟು ಒಳ್ಳೆಯ ಸಂಬಳ ಇನ್ನೆಲ್ಲೂ ಇಲ್ಲ.

ಕೊನೆಗೊಂದು ದಿನ ಗಾಡಿ ಬರುತ್ತದೆ. ನಿಂಬೆಹಣ್ಣು ಚಕ್ರದ ಕೆಳಗೆ ಅಪ್ಪಚ್ಚಿಯಾಗಿ, ಅಂತರಘಟ್ಟಮ್ಮನ ಗುಡಿಗೆ ಹೋಗಿಬಂದು, ತರೀಕೆರೆಯ ಕೆಎ-66 ಬೋರ್ಡು ಹೊತ್ತ ಮೇಲೆ ನಿಜವಾದ ಟೆಸ್ಟ್ ಡ್ರೈವ್ ಶುರು. ಅದನ್ನು ಮಾಡುವುದು ಊರು. ಯೂಟ್ಯೂಬಿನವರು ಎಷ್ಟು ಸೆಕೆಂಡಿಗೆ ನೂರು ಕಿಲೋಮೀಟರ್ ವೇಗ ಮುಟ್ಟುತ್ತದೆಂದು ಹೇಳುತ್ತಾರೆ. ನಮ್ಮೂರಿನವರು ಹಿಂದಿನ ಸೀಟು ಮಡಚಿದರೆ ಎಷ್ಟು ಚೀಲ ಈರುಳ್ಳಿ ಹಿಡಿಯುತ್ತದೆಂದು ನೋಡುತ್ತಾರೆ. ಒಬ್ಬ ಬಾಗಿಲನ್ನು ಎರಡು ಸಲ ಬಡಿದು, ‘ತಗಡು ತೆಳ್ಳಗೈತೆ’ ಎನ್ನುತ್ತಾನೆ. ಇನ್ನೊಬ್ಬ ಬಗ್ಗಿ ಅಡಿಯ ಎತ್ತರವನ್ನು ಗೇಣಿನಲ್ಲಿ ಅಳೆಯುತ್ತಾನೆ. ದೊಡ್ಡಪ್ಪ ಒಂದು ಸುತ್ತು ಬಂದು, ಬಾನೆಟ್ಟಿನ ಮೇಲೆ ಕೈಯಿಟ್ಟು, ಅಭ್ಯಾಸಬಲದಿಂದ ಸುಳಿ ಹುಡುಕಿದರೇನೋ. ದೊಡ್ಡಮ್ಮ ಮಾತ್ರ ಹತ್ತಲು ಹೋಗಿ ಕಾಲು ಎತ್ತಲಾರದೆ ಇಳಿದು, ಜಗಲಿಯ ಮಣೆ ತರಿಸಿದರು. ಆ ಮಣೆ ಈಗ ಡಿಕ್ಕಿಯಲ್ಲೇ ಇರುತ್ತದೆ. ಯಾವ ಬ್ರೋಷರಿನಲ್ಲೂ ಅದು ಇರಲಿಲ್ಲ.

ಆದ್ದರಿಂದ ಬುಕ್ ಮಾಡುವವರಿಗೆ ನನ್ನದೊಂದು ಮಾತು. ತಳಿ ಗೊತ್ತಿದ್ದರೆ ಧಾರಾಳವಾಗಿ ನಂಬರು ಹಿಡಿಯಿರಿ. ಮುಂಗಡ ವಾಪಸ್ ಬರುತ್ತದೆಯೇ ಎಂದು ರಸೀದಿಯ ಸಣ್ಣಕ್ಷರ ಓದಿಕೊಳ್ಳಿ. ಹೊಸ ತಳಿಯಾದರೆ ಒಂದು ವರ್ಷ ಪಕ್ಕದೂರಿನವನು ಓಡಿಸಲಿ. ಸರ್ವಿಸಿಗೆ ಎಷ್ಟು ಸಲ ಹೋದ ಎಂದು ಅವನ ಹೆಂಡತಿಯನ್ನು ಕೇಳಿ, ಅವನನ್ನು ಕೇಳಬೇಡಿ. ಬಾಕಿ ಹಣ ಕಟ್ಟುವ ಮೊದಲು ಟೆಸ್ಟ್ ಡ್ರೈವ್ ಗಾಡಿ ಬಂದೇ ಬರುತ್ತದೆ. ಆಗ ನೀವೊಬ್ಬರೇ ಹೋಗಬೇಡಿ. ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಹಳ್ಳಗುಂಡಿಯ ದಾರಿಯಲ್ಲಿ ಒಂದು ಸುತ್ತು ಹೊಡೆಸಿ, ಅವರು ಇಳಿದು ಸೊಂಟದ ಮೇಲೆ ಕೈ ಇಡದಿದ್ದರೆ ಮಾತ್ರ ಚೆಕ್ಕಿಗೆ ಸಹಿ ಹಾಕಿ.